ಘಟ್ಟದ ಕೆಳಗೆ ಕಾಣೆ, ಘಟ್ಟದ ಮೇಲೆ ಅಪರಿಚಿತೆ: ಕೊಲೆಯಾದವರ ಬಗ್ಗೆ ಬರೆಯುವ ಕ್ರಮ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ

ಕೊಲೆಯಾದವರ ಬಗ್ಗೆ ಬರೆಯಲು ಕೂತ ಸಂಶೋಧಕರ ಮುಂದೆ ಎರಡು ಬೇಡಿಕೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಸತ್ತವರ ಮಾನ ಕಾಯಬೇಕು ಎನ್ನುವುದು ಒಂದು. ಇಂಥ ಸಾವು ಇನ್ನೊಂದು ಆಗದಂತೆ ಪಾಠ ಕಲಿಯಬೇಕು, ಅದಕ್ಕೆ ವಿವರ ಬೇಕು ಎನ್ನುವುದು ಇನ್ನೊಂದು. ಸಾಮಾನ್ಯವಾಗಿ ಇವೆರಡನ್ನು ಎದುರು-ಬದುರು ಕೂರಿಸಿ ನೋಡುತ್ತೇವೆ. ಮಾನ ಕಾಯಲು ಹೊರಟರೆ ವಿವರ ಬಿಟ್ಟುಕೊಡಬೇಕು, ವಿವರದ ಬೆನ್ನು ಹತ್ತಿದರೆ ಮಾನಕ್ಕೆ ಒಂದಿಷ್ಟು ಧಕ್ಕೆ ಆದರೂ ಸಹಿಸಬೇಕು ಎಂಬಂತೆ.

ದಕ್ಷಿಣ ಕನ್ನಡದ ಒಂದು ಸರಣಿ ಕೊಲೆ ಪ್ರಕರಣವನ್ನು ಮುಂದಿಟ್ಟುಕೊಂಡು ಈ ಗ್ರಹಿಕೆಯನ್ನು ಪರೀಕ್ಷಿಸುವುದು ಈ ಟಿಪ್ಪಣಿಯ ಉದ್ದೇಶ. ನನ್ನ ವಾದ ಇಷ್ಟು: ಆ ಪ್ರಕರಣದಲ್ಲಿ ಹೆಣ್ಣುಮಕ್ಕಳ ಬಗ್ಗೆ ಊರು, ಮನೆ, ಠಾಣೆಗಳು ಮೊದಲೇ ಕಟ್ಟಿಕೊಂಡಿದ್ದ ಅಗೌರವದ ಊಹೆಗಳೇ ಕೊಲೆಗಳು ವರ್ಷಗಟ್ಟಲೆ ಮುಂದುವರಿಯಲು ಅವಕಾಶ ಮಾಡಿಕೊಟ್ಟವು. ಹಾಗಿದ್ದ ಮೇಲೆ ಗೌರವದಿಂದ ಬರೆಯುವುದೂ ಪಾಠ ಕಲಿಯುವುದೂ ಬಹುಮಟ್ಟಿಗೆ ಒಂದೇ ಕೆಲಸ. ಒಂದನ್ನು ಸರಿಯಾಗಿ ಮಾಡಿದರೆ ಇನ್ನೊಂದರ ಅರ್ಧ ದಾರಿ ಸವೆದಂತೆ.

ಆ ಪ್ರಕರಣದಲ್ಲಿ ಕೊಲೆಯಾದವರ ಹೆಸರು, ಊರು, ಜಾತಿ ಇಲ್ಲಿಲ್ಲ. ಅಪರಾಧಿಯ ಹೆಸರನ್ನು ಪ್ರಕರಣ ಗುರುತಿಸಲು ಬೇಕಾದಷ್ಟು ಮಾತ್ರ ಬಳಸಿದ್ದೇನೆ.

2. ಪ್ರಕರಣ

ಬಂಟ್ವಾಳ ತಾಲ್ಲೂಕಿನ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದವನು. 2009ರ ಅಕ್ಟೋಬರಿನಲ್ಲಿ ಅವನ ಬಂಧನವಾಯಿತು. ಇಪ್ಪತ್ತು ಹೆಣ್ಣುಮಕ್ಕಳ ಕೊಲೆ ಪ್ರಕರಣಗಳು ಮಂಗಳೂರಿನ ನ್ಯಾಯಾಲಯದಲ್ಲಿ ಒಂದೊಂದಾಗಿ ವಿಚಾರಣೆಗೆ ಬಂದವು. ಮೊದಲ ಶಿಕ್ಷೆ ಪ್ರಕಟವಾದದ್ದು 2013ರ ಡಿಸೆಂಬರಿನಲ್ಲಿ, ಇಪ್ಪತ್ತನೆಯ ಪ್ರಕರಣದ ಶಿಕ್ಷೆ 2020ರ ಜೂನಿನಲ್ಲಿ. ಒಂದು ಪ್ರಕರಣದಲ್ಲಿ ವಿಧಿಸಿದ್ದ ಗಲ್ಲುಶಿಕ್ಷೆಯನ್ನು ಹೈಕೋರ್ಟ್ 2017ರಲ್ಲಿ ಜೀವಾವಧಿಗೆ ಇಳಿಸಿತು.

ಕೊಲೆಯಾದವರು ಬಡ ಮತ್ತು ಕೆಳಮಧ್ಯಮ ಕುಟುಂಬಗಳ ಹೆಣ್ಣುಮಕ್ಕಳು. ವರದಕ್ಷಿಣೆ ಹೊಂದಿಸಲಾಗದೆ ಹಲವರ ಮದುವೆ ಮುಂದೆ ಹೋಗುತ್ತಿತ್ತು. ಅವನು ಪರಿಚಯ ಬೆಳೆಸುತ್ತಿದ್ದ, ಅವರದೇ ಜಾತಿಯವನೆಂದು ಸುಳ್ಳು ಹೆಸರು ಹೇಳುತ್ತಿದ್ದ, ಸರ್ಕಾರಿ ನೌಕರಿಯಿದೆ ಎನ್ನುತ್ತಿದ್ದ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಮದುವೆಯ ಮಾತು ನಂಬಿ ಹೊರಟವರನ್ನು ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರಿನಂಥ ಊರುಗಳಿಗೆ ಕರೆದೊಯ್ದು ಲಾಡ್ಜಿನಲ್ಲಿ ಇಳಿಸುತ್ತಿದ್ದ. ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ ಬಸ್‌ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಹೇಳಿ ಸೈನೈಡ್ ಬೆರೆಸಿದ ಮಾತ್ರೆ ಕೊಡುತ್ತಿದ್ದ. ಶವಗಳು ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಶೌಚಾಲಯಗಳಲ್ಲಿ, ಒಳಗಿನಿಂದ ಚಿಲಕ ಹಾಕಿದ ಬಾಗಿಲುಗಳ ಹಿಂದೆ.

2009ರ ಜೂನಿನಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬರು ಕಾಣೆಯಾದಾಗ, ಅವರು ಅನ್ಯಧರ್ಮದ ಹುಡುಗನೊಂದಿಗೆ ಹೋಗಿದ್ದಾರೆಂಬ ಗುಲ್ಲೆದ್ದಿತು. ಅವರ ಸಮುದಾಯದವರು ಠಾಣೆಯ ಮುಂದೆ ಪ್ರತಿಭಟಿಸಿದರು. ಒತ್ತಡಕ್ಕೆ ಸಿಲುಕಿದ ಪೊಲೀಸರು ಫೋನ್ ಕರೆಗಳ ದಾಖಲೆಯ ಜಾಡು ಹಿಡಿದರು. ಒಬ್ಬರ ಕರೆಪಟ್ಟಿ ಕಾಣೆಯಾಗಿದ್ದ ಇನ್ನೊಬ್ಬರತ್ತ ಬೆರಳು ತೋರಿತು, ಅಲ್ಲಿಂದ ಮತ್ತೊಬ್ಬರತ್ತ. ಹೀಗೆ ಸರಪಳಿ ಬಿಚ್ಚಿಕೊಂಡಿತು. ಗುಲ್ಲು ಸುಳ್ಳಾಗಿತ್ತು. ಆದರೆ ಅದಿಲ್ಲದೆ ಆ ದೂರಿಗೆ ಅಷ್ಟು ಗಮನ ಸಿಗುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೂ ಮೊದಲು ಕಾಣೆಯಾಗಿದ್ದ ಹೆಣ್ಣುಮಕ್ಕಳ ಹಿಂದೆ ಇಂಥ ಜನ ಇರಲಿಲ್ಲ, ಇಂಥ ಗುಲ್ಲೂ ಇರಲಿಲ್ಲ.

3. ಎರಡು ಕಡತಗಳು

ಇಲ್ಲಿ ಪ್ರತಿ ಸಾವೂ ಎರಡು ಕಡೆ ಎರಡು ಬಗೆಯ ಕಡತವಾಗಬಹುದಿತ್ತು. ಘಟ್ಟದ ಕೆಳಗಿನ ಠಾಣೆಯಲ್ಲಿ ಕಾಣೆಯಾದವರ ದೂರು. ಘಟ್ಟದ ಮೇಲಿನ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಒಂದರಲ್ಲಿ ಹೆಸರಿದೆ, ಮನುಷ್ಯರಿಲ್ಲ. ಇನ್ನೊಂದರಲ್ಲಿ ಮನುಷ್ಯರಿದ್ದಾರೆ, ಹೆಸರಿಲ್ಲ. ಈ ಎರಡು ಕಾಗದಗಳು ಒಂದೇ ಮೇಜಿಗೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಬರಲಿಲ್ಲ. ಏಕೆ ಬರಲಿಲ್ಲ ಎನ್ನುವುದರಲ್ಲೇ ಪಾಠವಿದೆ.

ಮೊದಲು ಘಟ್ಟದ ಕೆಳಗಿನ ಕಡತ. ಮದುವೆ ವಯಸ್ಸು ದಾಟುತ್ತಿರುವ ಹೆಣ್ಣುಮಗಳು ಮನೆಯಿಂದ ಹೋಗಿ ವಾಪಸಾಗದಿದ್ದರೆ ನಮ್ಮಲ್ಲಿ ಮೊದಲು ಬರುವ ಮಾತು 'ಯಾರ ಜೊತೆಗೋ ಹೋಗಿರಬೇಕು'. ಈ ಮಾತು ಮನೆಯವರ ಬಾಯಿ ಕಟ್ಟುತ್ತದೆ, ಏಕೆಂದರೆ ದೂರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ಕೆಲವು ಮನೆಗಳು ದೂರನ್ನೇ ಕೊಟ್ಟಿರಲಿಲ್ಲ. ದೂರು ಬಂದ ಕಡೆಯೂ ಇದೇ ಊಹೆ ತನಿಖೆಯ ಜಾಗದಲ್ಲಿ ಕೂತಿತು. ವಯಸ್ಕ ಹೆಣ್ಣು ತಾನಾಗಿ ಹೋಗಿದ್ದಾಳೆ ಎಂದಾದ ಮೇಲೆ ಹುಡುಕಲು ಅವಸರವೇನು?

ಇನ್ನು ಘಟ್ಟದ ಮೇಲಿನ ಕಡತ. ಬಾಗಿಲು ಒಳಗಿನಿಂದ ಹಾಕಿದೆ, ಮೈಮೇಲೆ ಗಾಯವಿಲ್ಲ, ವಾರಸುದಾರರಿಲ್ಲ. ಒಂಟಿ ಹೆಣ್ಣು, ಪರಊರು, ವಿಷ. ಆತ್ಮಹತ್ಯೆ ಎಂಬ ತೀರ್ಮಾನಕ್ಕೆ ಬರಲು ಯಾರೂ ಕಷ್ಟಪಡಬೇಕಾಗಿರಲಿಲ್ಲ. ಪ್ರೇಮದಲ್ಲಿ ಮೋಸ ಹೋಗಿ ಸತ್ತಿರಬೇಕು ಎಂಬ ಸಿದ್ಧ ಕಥೆ ಕೈಯಲ್ಲಿತ್ತು. ಆ ಕಥೆ ಕೇಳದೆ ಬಿಟ್ಟ ಪ್ರಶ್ನೆಗಳನ್ನು ನೋಡಿ: ದೂರದ ಊರಿಗೆ ಬಂದ ಹೆಣ್ಣುಮಗಳ ಮೈಮೇಲೆ ಒಡವೆ ಏಕಿಲ್ಲ? ಅವರು ರಾತ್ರಿ ಎಲ್ಲಿ ತಂಗಿದ್ದರು? ಬಸ್‌ಸ್ಟ್ಯಾಂಡಿನ ಸುತ್ತಲಿನ ಲಾಡ್ಜುಗಳ ರಿಜಿಸ್ಟರಿನಲ್ಲಿ ಹಿಂದಿನ ದಿನ ಜೋಡಿಯಾಗಿ ಬಂದು ಮರುದಿನ ಒಬ್ಬನೇ ಕೋಣೆ ಖಾಲಿ ಮಾಡಿದವನು ಯಾರು? ಸೈನೈಡ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ವಸ್ತುವಲ್ಲ, ಅದು ಅವರ ಕೈಗೆ ಹೇಗೆ ಬಂತು? ಇದೇ ಬಗೆಯ ಸಾವು ಪಕ್ಕದ ಜಿಲ್ಲೆಯಲ್ಲಿ ಆಗಿದೆಯೇ?

ಪತ್ರಿಕೆಯ ಮೂಲೆಯಲ್ಲಿ ಬರುವ ಪೊಲೀಸ್ ಪ್ರಕಟಣೆಗಳನ್ನು ಬಲ್ಲವರಿಗೆ ಈ ಎರಡು ಕಡತಗಳ ನಡುವಿನ ಕಂದಕ ಚೆನ್ನಾಗಿ ಅರ್ಥವಾಗುತ್ತದೆ. ಕಾಣೆಯಾದವರ ಚಹರೆಯಲ್ಲಿ ಎತ್ತರ, ಮೈಬಣ್ಣ, ಕೋಲುಮುಖವೋ ದುಂಡುಮುಖವೋ, ಮನೆ ಬಿಡುವಾಗ ಉಟ್ಟ ಬಟ್ಟೆ, ತೊಟ್ಟ ಒಡವೆ, ಆಡುವ ಭಾಷೆ ಇರುತ್ತವೆ. ಅಪರಿಚಿತ ಶವದ ಪ್ರಕಟಣೆಯಲ್ಲಿ ಅಂದಾಜು ವಯಸ್ಸು, ಎತ್ತರ, ಶವದ ಮೇಲಿದ್ದ ಬಟ್ಟೆ. ರಾತ್ರಿ ಲಾಡ್ಜಿನಲ್ಲಿ ತಂಗಿ ಬೆಳಿಗ್ಗೆ ಸೀರೆ ಬದಲಿಸಿದ್ದರೆ ಬಟ್ಟೆಯ ಹೊಂದಾಣಿಕೆ ತಪ್ಪುತ್ತದೆ. ಒಡವೆ ಕಳಚಿಟ್ಟಿದ್ದರಿಂದ ಅದೂ ತಪ್ಪುತ್ತದೆ. 'ತುಳು, ಕನ್ನಡ ಮಾತನಾಡುತ್ತಾರೆ' ಎಂಬ ಸಾಲು ಶವದ ಗುರುತಿಗೆ ಬರುವುದಿಲ್ಲ. ಉಳಿಯುವುದು ವಯಸ್ಸು ಮತ್ತು ಎತ್ತರ, ಅದೂ ಅಂದಾಜು. ನಂಬಿಸಿ ಕರೆತಂದವನು ಗುರುತಿನ ಕೊಂಡಿಗಳನ್ನು ತಾನೇ ಕಳಚಿದ್ದ. ಉಳಿದ ಒಂದೆರಡು ಕೊಂಡಿಗಳನ್ನು ಜಿಲ್ಲೆಯ ಗಡಿ ಕಳಚಿತು.

ಠಾಣೆಗಳ ದಾಖಲೆಗಳನ್ನು ದೇಶಾದ್ಯಂತ ಬೆಸೆಯುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2009ರ ಜೂನಿನಲ್ಲಿ. ತಂತ್ರಜ್ಞಾನ ಮೊದಲೇ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವಂತಿಲ್ಲ. ದೂರೇ ದಾಖಲಾಗದಿದ್ದರೆ ಕಂಪ್ಯೂಟರ್ ಬೆಸೆಯುವುದು ಏನನ್ನು?

ಇದು ನಮ್ಮ ಠಾಣೆಗಳಿಗಷ್ಟೇ ಅಂಟಿದ ದೋಷವಲ್ಲ. ಪೂರ್ವ ಲಂಡನ್ನಿನ ಬಾರ್ಕಿಂಗ್‌ನಲ್ಲಿ 2014ರ ಜೂನ್ ಮತ್ತು 2015ರ ಸೆಪ್ಟೆಂಬರ್ ನಡುವೆ ನಾಲ್ವರು ಯುವಕರು ಮಾದಕ ದ್ರವ್ಯದಿಂದ ಸತ್ತರು. ಮೊದಲ ಶವ ಕೊಲೆಗಾರನ ಮನೆಯ ಹೊರಗೆ ಸಿಕ್ಕಿತ್ತು, ಉಳಿದ ಮೂರು ಒಂದೇ ಚರ್ಚಿನ ಆವರಣದಲ್ಲಿ ಅಥವಾ ಅದರ ಪಕ್ಕದಲ್ಲಿ. ಎರಡನೆಯ ಮತ್ತು ಮೂರನೆಯ ಶವ ಕಂಡದ್ದು ನಾಯಿ ಕರೆದುಕೊಂಡು ಅಡ್ಡಾಡಲು ಬಂದಿದ್ದ ಒಬ್ಬರೇ ಮಹಿಳೆಗೆ. ಆದರೂ ಪೊಲೀಸರಿಗೆ ಕೊಲೆಯ ಸಂಶಯ ಬರಲಿಲ್ಲ. ಸತ್ತವರು ಸಲಿಂಗಿಗಳು, ಮೋಜಿಗೆ ಮದ್ದು ತೆಗೆದುಕೊಂಡಿರಬೇಕು ಎಂಬ ಊಹೆಯೇ ಅಡ್ಡ ಬಂತು ಎನ್ನುವುದು ಮನೆಯವರ, ಗೆಳೆಯರ ದೂರು. ಪೊಲೀಸರ ಲೋಪಗಳು ನಂತರದ ಮೂವರ ಸಾವಿಗೆ ಬಹುಶಃ ಕಾರಣವಾದವು ಎಂದು 2021ರ ಡಿಸೆಂಬರಿನಲ್ಲಿ ಮರಣ ವಿಚಾರಣೆಯ ಜ್ಯೂರಿ ಹೇಳಿತು. ಬಾರ್ಕಿಂಗ್‌ನಲ್ಲೂ ಮೈಸೂರಿನಲ್ಲೂ ಮಾದರಿ ಒಂದೇ: ಸತ್ತವರು ಎಂಥವರು ಎಂಬ ಊಹೆ ಮೊದಲು, ಸಾಕ್ಷ್ಯ ಆಮೇಲೆ.

4. ಪಾಠ ಯಾರಿಗೆ?

ಬಂಧನದ ನಂತರ ಹೆಚ್ಚು ಕೇಳಿಬಂದ ಪಾಠ ಹೆಣ್ಣುಮಕ್ಕಳನ್ನೇ ಉದ್ದೇಶಿಸಿತ್ತು: ಅಪರಿಚಿತರನ್ನು ನಂಬಬೇಡಿ, ಮೋಸ ಹೋಗಬೇಡಿ. ಈ ಬುದ್ಧಿಮಾತು ಸತ್ತವರನ್ನು ಪೆದ್ದರ ಸಾಲಿಗೆ ಸೇರಿಸುತ್ತದೆ. ವಿಶ್ಲೇಷಣೆಯಾಗಿಯೂ ಅದು ಪೊಳ್ಳು.

ಆ ಹೆಣ್ಣುಮಕ್ಕಳು ನಂಬಿದ್ದನ್ನು ಒಮ್ಮೆ ಪಟ್ಟಿ ಮಾಡಿ. ಗಂಡು ನಮ್ಮ ಜಾತಿಯವನು, ಸರ್ಕಾರಿ ನೌಕರಿಯಲ್ಲಿದ್ದಾನೆ, ಮೃದುವಾಗಿ ಮಾತಾಡುತ್ತಾನೆ, ವರದಕ್ಷಿಣೆ ಬೇಡ ಅನ್ನುತ್ತಾನೆ. ಊರಿನ ಹಿರಿಯರು ಗಂಡು ನೋಡುವಾಗ ಕೇಳುವುದೂ ಇವನ್ನೇ. ವರದಕ್ಷಿಣೆ ಕೇಳದ ಗಂಡನ್ನು ಒಪ್ಪಿಕೊಳ್ಳುವುದು ಮೂರ್ಖತನವಾದರೆ, 1961ರ ವರದಕ್ಷಿಣೆ ನಿಷೇಧ ಕಾಯ್ದೆ ಬಯಸಿದ್ದೇನು? ಕಾನೂನು ಯಾವುದನ್ನು ಸರಿ ಎನ್ನುತ್ತದೋ ಅದನ್ನೇ ಅವರು ಬಯಸಿದ್ದರು. ಅಂಥ ಗಂಡು ಎಷ್ಟು ಅಪರೂಪವಾಗಿಬಿಟ್ಟಿದ್ದಾನೆಂದರೆ, ಆ ಅಪರೂಪವೇ ಕೊಲೆಗಾರನಿಗೆ ಬಂಡವಾಳವಾಯಿತು.

ಹಾಗಾಗಿ ಇಂಥ ಬರಹದಲ್ಲಿ ಪ್ರತಿ ಪಾಠಕ್ಕೂ ಒಂದು ಪ್ರಶ್ನೆ ಹಾಕಿ ನೋಡುವುದು ಒಳ್ಳೆಯದು: ಇದನ್ನು ಪಾಲಿಸಬೇಕಾದವರು ಯಾರು, ಅವರ ಕೈಯಲ್ಲಿ ಅಧಿಕಾರವಿದೆಯೇ? ಉತ್ತರ 'ಸತ್ತವರಂಥ ಇತರ ಹೆಣ್ಣುಮಕ್ಕಳು' ಎಂದು ಮಾತ್ರ ಬಂದರೆ ಪಾಠ ಇನ್ನೂ ಹಣ್ಣಾಗಿಲ್ಲ. ಅಧಿಕಾರ ಇರುವ ಮೇಜುಗಳು ಬೇರೆಯಿವೆ: ದೂರು ಬರೆದುಕೊಳ್ಳುವ ಠಾಣಾಧಿಕಾರಿ, ಯುಡಿಆರ್ ಮುಕ್ತಾಯಗೊಳಿಸುವ ಅಧಿಕಾರಿ, ಒಳಾಂಗಗಳ ಮಾದರಿ ಪರೀಕ್ಷಿಸುವ ಪ್ರಯೋಗಾಲಯ, ಲಾಡ್ಜಿನ ವ್ಯವಸ್ಥಾಪಕ, ರಾಸಾಯನಿಕ ಮಾರುವ ಅಂಗಡಿ. ಅಕ್ಕಸಾಲಿಗನೆಂದು ಹೇಳಿಕೊಂಡು ಅವನು ಸೈನೈಡ್ ಕೊಂಡಿದ್ದ. ಚಿನ್ನದ ಕೆಲಸದವರಿಗೆ ಅದರ ಬಳಕೆ ಇರುವುದರಿಂದ ಅಂಗಡಿಯವನಿಗೆ ವಿಚಿತ್ರವೆನಿಸಲಿಲ್ಲ. ಕೊಳ್ಳುವವನ ಗುರುತುಚೀಟಿ, ವಿಳಾಸ, ಉದ್ದೇಶ ಬರೆದುಕೊಳ್ಳದೆ ಆ್ಯಸಿಡ್ ಮಾರಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದು ಇದೇ ಬಗೆಯ ಬಾಗಿಲಿಗೆ ಹಾಕಿದ ಅಗುಳಿ.

5. ಯಾವ ವಿವರ ಬೇಕು, ಯಾವುದು ಬೇಡ

ಈ ಕಸೋಟಿಯಿಂದ ವಿವರಗಳ ಆಯ್ಕೆಯೂ ಸುಲಭವಾಗುತ್ತದೆ. ಒಂದು ವಿವರ ಯಾವುದಾದರೂ ಮೇಜಿನ ನಡವಳಿಕೆಯನ್ನು ಬದಲಿಸಬಲ್ಲದಾದರೆ ಅದು ಬೇಕು. ಓದುಗರ ಕುತೂಹಲವನ್ನು ಮಾತ್ರ ತಣಿಸುವುದಾದರೆ ಬೇಡ.

ಶವದ ಮೇಲೆ ಒಡವೆ ಇರಲಿಲ್ಲ ಎನ್ನುವ ವಿವರ ಬೇಕು, ಅದರಿಂದ ಮಹಜರು ಬರೆಯುವ ಕ್ರಮ ಬದಲಾಗಬಹುದು. ಶವದ ಸ್ಥಿತಿಯ ವರ್ಣನೆ ಬೇಡ. ಅವನು ಸುಳ್ಳು ಹೆಸರಿನಲ್ಲಿ ಕೋಣೆ ಪಡೆಯುತ್ತಿದ್ದ ಎನ್ನುವುದು ಬೇಕು, ಕೋಣೆಯೊಳಗೆ ನಡೆದದ್ದರ ವಿಸ್ತಾರ ಬೇಡ. ಸೈನೈಡ್ ಅವನ ಕೈಗೆ ಹೇಗೆ ಬಂತು ಎನ್ನುವುದು ಬೇಕು, ಪ್ರಮಾಣ, ತಯಾರಿಯ ಬಗೆ ಬೇಡ. ಆತ್ಮಹತ್ಯೆ ಸುದ್ದಿಯಲ್ಲಿ ವಿಧಾನವನ್ನು ವಿವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಕೊಟ್ಟಿರುವ ಸಲಹೆಯ ಹಿಂದಿನ ತರ್ಕ ಇಲ್ಲಿಗೂ ಸಲ್ಲುತ್ತದೆ. ಮನೆಯವರು ದೂರು ಕೊಡಲು ಏಕೆ ತಡ ಮಾಡಿದರು ಎನ್ನುವುದು ಬೇಕು. ಹುಡುಗಿ 'ಎಂಥವಳು' ಎಂದು ನೆರೆಯವರು ಹೇಳಿದ್ದು ಬೇಡ, ಆ ಮಾತೇ ದೂರನ್ನು ತಡೆದಿತ್ತು ಎಂದು ತೋರಿಸುವ ಸಂದರ್ಭ ಒಂದನ್ನು ಬಿಟ್ಟು.

ಅಪರಾಧಿಯ ವಿಷಯದಲ್ಲೂ ಇದೇ ಅಳತೆ. ವಿಷದ ಹೆಸರನ್ನೇ ಮುಂದೆ ಹಚ್ಚಿಕೊಂಡ ಅಡ್ಡಹೆಸರು ಅವನನ್ನು ಜನಪ್ರಿಯ ಕಥೆಯ ಪಾತ್ರವಾಗಿಸಿತು. ನ್ಯಾಯಾಲಯದಲ್ಲಿ ತನ್ನ ಪರ ತಾನೇ ವಾದಿಸಿದ್ದು, ಅವನ ಬುದ್ಧಿವಂತಿಕೆ, ಮಾತಿನ ಮೋಡಿ ಇವೆಲ್ಲ ಬಣ್ಣ ಕಟ್ಟಿಕೊಂಡು ಹರಡಿದವು. ಆದರೆ ಅವನ ಚಾಣಾಕ್ಷತೆಯನ್ನು ಹಿಗ್ಗಿಸಿದಷ್ಟೂ ವ್ಯವಸ್ಥೆಯ ಹೊಣೆ ಕುಗ್ಗುತ್ತದೆ. ಅವನು ಬಳಸಿದ ಉಪಾಯ ಹೆಚ್ಚುಕಡಿಮೆ ಒಂದೇ, ಅದನ್ನೇ ಮತ್ತೆ ಮತ್ತೆ ಬಳಸಿದ. ಹಿಡಿಯುವವರು ಇಲ್ಲದ್ದರಿಂದ ಅದು ನಡೆಯಿತು.

6. ಹೆಸರಿನ ಪ್ರಶ್ನೆ

ಹೆಸರು ಬರೆಯಬೇಕೇ ಬೇಡವೇ ಎನ್ನುವುದಕ್ಕೆ ಕಾನೂನಿನ ಉತ್ತರ ಒಂದಿದೆ. ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ದಂಡ ಸಂಹಿತೆಯ ಕಲಂ 228ಎ ಅಡಿಯಲ್ಲಿ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 72ರ ಅಡಿಯಲ್ಲಿ ಅಪರಾಧ. ತೀರ್ಪುಗಳಲ್ಲಿಯೂ ಹೆಸರು ಬರೆಯದಿರುವುದು ಮೇಲು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2003ರಲ್ಲಿ, ಅದೂ ಕರ್ನಾಟಕದಿಂದ ಹೋದ ಪುಟ್ಟರಾಜ ಪ್ರಕರಣದಲ್ಲಿ. 2018ರ ಡಿಸೆಂಬರಿನ ನಿಪುಣ್ ಸಕ್ಸೇನಾ ತೀರ್ಪು ಇನ್ನೂ ಮುಂದೆ ಹೋಯಿತು. ಸಂತ್ರಸ್ತೆ ಸತ್ತಿದ್ದರೂ, ಹತ್ತಿರದ ಬಂಧುಗಳು ಒಪ್ಪಿದರೂ, ಹೆಸರು ಹೊರಹಾಕಲು ವಿಶೇಷ ಕಾರಣ ಬೇಕು, ಅದನ್ನು ಸೆಷನ್ಸ್ ನ್ಯಾಯಾಧೀಶರು ತೀರ್ಮಾನಿಸಬೇಕು ಎಂದಿತು. ನಾವು ಚರ್ಚಿಸುತ್ತಿರುವ ಪ್ರಕರಣದಲ್ಲಿ ಕೊಲೆಯ ಜೊತೆ ಅತ್ಯಾಚಾರದ ಆರೋಪವೂ ಇತ್ತು. ಆದರೂ ಹೆಣ್ಣುಮಕ್ಕಳ ಹೆಸರು, ವಯಸ್ಸು, ಊರು ಪತ್ರಿಕೆಗಳಲ್ಲಿ ಪಟ್ಟಿ ಪಟ್ಟಿಯಾಗಿ ಬಂದವು.

ಹಾಗೆಂದು ಅನಾಮಧೇಯತೆಯೇ ಗೌರವ ಎನ್ನಲಾಗದು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾದಾಗ ಅವರ ಹೆಸರು, ಬರಹ, ನಿಲುವುಗಳನ್ನು ಹೇಳದೆ ಹತ್ಯೆಯನ್ನು ಅರ್ಥ ಮಾಡಿಕೊಳ್ಳಲು ಸಾಧ್ಯವಿರಲಿಲ್ಲ. ಎರಡಕ್ಕೂ ಒಂದೇ ಪಿಸ್ತೂಲು ಬಳಕೆಯಾಗಿದೆ ಎಂಬ ವಿಧಿವಿಜ್ಞಾನ ವರದಿ ಬಂದದ್ದೂ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ. ಸಾರ್ವಜನಿಕ ಬದುಕಿನವರ ಕೊಲೆಯಲ್ಲಿ ಹೆಸರನ್ನು ಅಡಗಿಸುವುದೇ ಅನ್ಯಾಯ.

ಇವೆರಡರ ನಡುವೆ ಹೊರನಾಡಿನ ಎರಡು ಮಾದರಿಗಳು ಗಮನಾರ್ಹ. ಕೆನಡಾದ ವ್ಯಾಂಕೂವರಿನಲ್ಲಿ ಬಡ ಬೀದಿಗಳ ಹೆಣ್ಣುಮಕ್ಕಳು, ಅವರಲ್ಲಿ ಬಹಳಷ್ಟು ಮೂಲನಿವಾಸಿಗಳು, ವರ್ಷಗಟ್ಟಲೆ ಕಾಣೆಯಾಗುತ್ತ ಹೋದರು. ಪೊಲೀಸರು ಏಕೆ ಎಚ್ಚೆತ್ತುಕೊಳ್ಳಲಿಲ್ಲ ಎಂದು ಪರಿಶೀಲಿಸಿದ ವಾಲಿ ಓಪಲ್ ಆಯೋಗದ ವರದಿ 2012ರ ಡಿಸೆಂಬರಿನಲ್ಲಿ ಹೊರಬಂತು. ಅದರ ಮೊದಲ ಸಂಪುಟ ಆರಂಭವಾಗುವುದು ಆ ಹೆಣ್ಣುಮಕ್ಕಳ ಬದುಕಿನಿಂದ, ತನಿಖೆಯ ಮಾತು ಆಮೇಲೆ. ಓದುಗರು ಮೊದಲು ಒಬ್ಬ ತಾಯಿಯನ್ನು, ಮಗಳನ್ನು ಕಾಣುತ್ತಾರೆ. ಆದರೆ ಇದೇ ಆಯೋಗದ ವಿಚಾರಣೆಯಲ್ಲಿ ಹಲವು ಮಹಿಳಾ ಮತ್ತು ಮೂಲನಿವಾಸಿ ಸಂಘಟನೆಗಳಿಗೆ ವಕೀಲರನ್ನಿಟ್ಟುಕೊಳ್ಳಲು ಸರ್ಕಾರ ಹಣ ಕೊಡಲಿಲ್ಲ, ಅವು ಹೊರನಡೆದವು. ಹೆಸರು ಬರೆದು, ಅವರ ಪರ ಮಾತಾಡುವವರನ್ನು ಹೊರಗಿಟ್ಟರೆ ಗೌರವ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌಟುಂಬಿಕ ಹತ್ಯೆ ಪರಿಶೀಲನೆ. 2004ರ ಕಾಯ್ದೆಯಲ್ಲಿದ್ದ ಈ ಏರ್ಪಾಡು 2011ರ ಏಪ್ರಿಲ್‌ನಿಂದ ಜಾರಿಗೆ ಬಂತು. ಹದಿನಾರು ದಾಟಿದವರು ಬಂಧುಗಳಿಂದಲೋ ಸಂಗಾತಿಯಿಂದಲೋ ಒಂದೇ ಮನೆಯವರಿಂದಲೋ ಸತ್ತಾಗ ಸ್ಥಳೀಯ ಸಂಸ್ಥೆಗಳೆಲ್ಲ ಸೇರಿ, ಸ್ವತಂತ್ರ ಅಧ್ಯಕ್ಷರ ಕೆಳಗೆ, ಸತ್ತವರು ಯಾವ ಯಾವ ಬಾಗಿಲು ತಟ್ಟಿದ್ದರು, ಅಲ್ಲಿ ಏನಾಯಿತು ಎಂದು ನೋಡುತ್ತವೆ. ತಪ್ಪಿತಸ್ಥರು ಯಾರೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ, ಅದು ನ್ಯಾಯಾಲಯದ ಕೆಲಸ. ವರದಿ ಪ್ರಕಟವಾಗುವುದು ಬದಲಿ ಹೆಸರಿನಲ್ಲಿ. ಆ ಬದಲಿ ಹೆಸರನ್ನು ಆರಿಸುವುದರಲ್ಲಿ ಮನೆಯವರಿಗೆ ಪಾಲಿದೆ, ಪ್ರಕಟಣೆಗೆ ಮುನ್ನ ಕರಡು ಓದುವ ಅವಕಾಶವೂ ಇದೆ. ಒಂದು ಮಾದರಿ ಹೆಸರು ಹೇಳುತ್ತದೆ, ಇನ್ನೊಂದು ಹೇಳುವುದಿಲ್ಲ. ಎರಡಕ್ಕೂ ಸಮಾನವಾದ ಸಂಗತಿಯೆಂದರೆ ಸತ್ತವರ ಕಡೆಯವರನ್ನು ಕೇಳಿ ಬರೆಯುವುದು.

7. ಒಂದರಿಂದ ಹಲವಕ್ಕೆ

ಒಂದು ಪ್ರಕರಣದಿಂದ ಪಾಠ ತೆಗೆಯುವುದರಲ್ಲಿ ಅಪಾಯವಿದೆ. ಫಲಿತಾಂಶ ಗೊತ್ತಿರುವ ನಮಗೆ ಸುಳಿವುಗಳೆಲ್ಲ ಢಾಳಾಗಿ ಕಾಣುತ್ತವೆ. ಆ ದಿನ ಶೌಚಾಲಯದ ಮುಂದೆ ನಿಂತ ಪೇದೆಗೆ ಅದು ಒಂದೇ ಶವ. ಆದ್ದರಿಂದ ಸಾವುಗಳನ್ನು ರಾಶಿ ಹಾಕಿ ನೋಡುವ ಕೆಲಸ ಬೇಕೇಬೇಕು. ಕರ್ನಾಟಕದಲ್ಲಿ ಅದಕ್ಕೊಂದು ಉದಾಹರಣೆಯಿದೆ.

ಬೆಂಗಳೂರಿನಲ್ಲಿ 1979ರಿಂದ ಕೆಲಸ ಮಾಡುತ್ತಿರುವ ಮಹಿಳಾ ಸಂಘಟನೆ ವಿಮೋಚನಾ 1990ರ ದಶಕದ ಕೊನೆಯಲ್ಲಿ ನಗರದ ಹೆಣ್ಣುಮಕ್ಕಳ ಅಸಹಜ ಸಾವುಗಳ ಪೊಲೀಸ್ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿತು. 1997ರ ಲೆಕ್ಕ ಹೀಗಿತ್ತು: ಒಟ್ಟು 1,133 ಸಾವು, ಅವುಗಳಲ್ಲಿ 546 ಆತ್ಮಹತ್ಯೆ, 430 ಅಪಘಾತ, ಕೊಲೆಯೆಂದು ಪರಿಗಣಿಸಿದ್ದು 157. ಅಪಘಾತವೆಂದು ಮುಚ್ಚಿದ ಕಡತಗಳಲ್ಲಿ 'ಸ್ಟೌ ಸಿಡಿತ', 'ಅಡುಗೆ ಮಾಡುವಾಗ ಬೆಂಕಿ' ಎಂಬ ಷರಾ ಮತ್ತೆ ಮತ್ತೆ ಬರುತ್ತಿತ್ತು. ಬಿಡಿಯಾಗಿ ನೋಡಿದರೆ ಪ್ರತಿಯೊಂದೂ ನಂಬುವಂಥದ್ದು, ಸೀಮೆಎಣ್ಣೆ ಸ್ಟೌ ಅಪಾಯಕಾರಿಯೇ. ಒಟ್ಟಿಗೆ ಇಟ್ಟಾಗ ಪ್ರಶ್ನೆ ಎದ್ದಿತು: ಸ್ಟೌಗಳು ಮದುವೆಯಾದ ಹರೆಯದ ಹೆಂಗಸರ ಮುಂದೆಯೇ ಏಕೆ ಸಿಡಿಯುತ್ತವೆ? ಸಿಡಿದ ಸ್ಟೌವಿನ ಟ್ಯಾಂಕ್ ಬಿರಿದಿರಬೇಕಲ್ಲ, ಮಹಜರಿನಲ್ಲಿ ಅದರ ಸ್ಥಿತಿ ಬರೆದಿದೆಯೇ? ಸುಟ್ಟಗಾಯದ ವಾರ್ಡಿನಲ್ಲಿ ಹೇಳಿಕೆ ಕೊಡುವಾಗ ಮಂಚದ ಪಕ್ಕ ನಿಂತಿದ್ದವರು ಯಾರು? ಮಕ್ಕಳು ಆಗ ಯಾರ ಮನೆಯಲ್ಲಿದ್ದವು?

ಈ ಕೆಲಸದಲ್ಲಿ ಯಾವ ಹೆಣ್ಣುಮಗಳ ಮುಖವೂ ಬೇಕಿರಲಿಲ್ಲ. ಒಂದು ಷರಾ ಎಷ್ಟು ಸಲ ಬಂದಿದೆ ಎಂಬುದೇ ಸಾಕ್ಷಿಯಾಯಿತು. ಮುಂದೆ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 2001ರಲ್ಲಿ ಭಾರತದಲ್ಲಿ ಬೆಂಕಿಗೆ ಸಂಬಂಧಿಸಿದ ಸಾವುಗಳು ಸುಮಾರು 1,63,000 ಎಂದೂ ಅವುಗಳಲ್ಲಿ ಸುಮಾರು 1,06,000 ಹೆಂಗಸರದೆಂದೂ, ಪೊಲೀಸ್ ಲೆಕ್ಕಕ್ಕಿಂತ ಇದು ಆರು ಪಟ್ಟು ಹೆಚ್ಚೆಂದೂ ಅಂದಾಜಿಸಿತು. ಇವೆಲ್ಲ ಕೊಲೆ ಎಂದು ಆ ಅಧ್ಯಯನ ಹೇಳಲಿಲ್ಲ, ಹೇಳಲೂ ಬಾರದು. ಆದರೆ ಲೆಕ್ಕಕ್ಕೇ ಬಾರದ ಸಾವಿನಿಂದ ಕಲಿಯುವುದು ಹೇಗೆ?

8. ನಮ್ಮಲ್ಲೇ ಇರುವ ಮಾದರಿ

ಸತ್ತವರ ಗುರುತು ಕಾಯ್ದು ಸಾವಿನಿಂದ ಕಲಿಯುವ ಪದ್ಧತಿ ನಮ್ಮ ಆರೋಗ್ಯ ಇಲಾಖೆಗಳಿಗೆ ಹೊಸದಲ್ಲ. ಬಾಣಂತಿಯರ ಸಾವಿನ ಗೋಪ್ಯ ಪರಿಶೀಲನೆ ಇಂಗ್ಲೆಂಡಿನಲ್ಲಿ 1952ರಿಂದ ನಡೆದಿದೆ. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ ಅದನ್ನು ಆರಂಭಿಸಿತು. 2010ರಲ್ಲಿ ಕೇಂದ್ರ ಸರ್ಕಾರ ತಾಯಂದಿರ ಮರಣ ಪರಿಶೀಲನೆಗೆ ಮಾರ್ಗಸೂಚಿ ಹೊರಡಿಸಿತು, ಜಿಲ್ಲಾಧಿಕಾರಿ ಮಟ್ಟದ ಪರಿಶೀಲನೆಯೂ ಅದರಲ್ಲಿ ಸೇರಿದೆ. ಸತ್ತವರ ಹೆಸರು ಹೊರಗೆ ಬರದು, ಒಬ್ಬ ನರ್ಸನ್ನೋ ವೈದ್ಯರನ್ನೋ ಬಲಿ ಹಾಕುವುದು ಗುರಿಯಲ್ಲ. ರಕ್ತ ಎಷ್ಟು ಹೊತ್ತಿಗೆ ಸಿಕ್ಕಿತು, ಆಂಬುಲೆನ್ಸ್ ಎಲ್ಲಿ ತಡವಾಯಿತು, ಯಾವ ಆಸ್ಪತ್ರೆಯಿಂದ ಯಾವ ಆಸ್ಪತ್ರೆಗೆ ಕಳಿಸಿದರು ಎಂದು ಗಂಟೆಗಂಟೆಯ ಲೆಕ್ಕ ತೆಗೆಯುತ್ತಾರೆ.

ಹೆರಿಗೆಯಲ್ಲಿ ಸತ್ತ ಹೆಣ್ಣುಮಗಳಿಗೆ ಸಲ್ಲುವ ಈ ಮರ್ಯಾದೆ, ಗಂಡನ ಮನೆಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಕೊಲೆಯಾದ ಹೆಣ್ಣುಮಗಳಿಗೆ ಸಲ್ಲುತ್ತಿಲ್ಲ. ಕೊಲೆ ಪ್ರಕರಣ ಶಿಕ್ಷೆಯಲ್ಲೋ ಖುಲಾಸೆಯಲ್ಲೋ ಮುಗಿಯುತ್ತದೆ. ನ್ಯಾಯಾಲಯ ಕೇಳುವ ಪ್ರಶ್ನೆ ಯಾರು ಕೊಂದರು ಎನ್ನುವುದು. ಯಾರು ತಡೆಯಬಹುದಿತ್ತು ಎಂದು ಕೇಳಲು ಯಾವ ಕಚೇರಿಯೂ ಇಲ್ಲ.

ಒಂದು ಆಕ್ಷೇಪ ನ್ಯಾಯವಾದದ್ದು: ದೂಷಣೆಯಿಲ್ಲದ ಪರಿಶೀಲನೆ ಅಧಿಕಾರಿಗಳಿಗೆ ಅಡಗುತಾಣವಾಗುವುದಿಲ್ಲವೇ? ಆಗಬಹುದು. ಆದ್ದರಿಂದ ಸತ್ತವರ ಗುರುತು ಮುಚ್ಚಬೇಕು, ಹುದ್ದೆ ಮತ್ತು ಕಚೇರಿಯ ಗುರುತು ಮುಚ್ಚಬಾರದು. ಯಾವ ಹುದ್ದೆಯವರು ಯಾವ ದಿನ ಯಾವ ಕಾಗದವನ್ನು ಮುಂದಕ್ಕೆ ಕಳಿಸಲಿಲ್ಲ ಎನ್ನುವುದು ವರದಿಯಲ್ಲಿ ಇರಲೇಬೇಕು. ಕರ್ತವ್ಯಲೋಪ ಕಂಡರೆ ಇಲಾಖಾ ವಿಚಾರಣೆಯ ದಾರಿ ಬೇರೆಯೇ ಇದೆ.

9. ಸಲಹೆಗಳು

ಮೇಲಿನ ಚರ್ಚೆಯಿಂದ ನಾಲ್ಕು ಸಲಹೆಗಳು ಹೊರಡುತ್ತವೆ.

ಒಂದು, ಗುರುತು ಸಿಗದ ಹೆಣ್ಣುಮಕ್ಕಳ ಯುಡಿಆರ್ ಮುಕ್ತಾಯವಾಗುವ ಮುನ್ನ ಅದೇ ಅವಧಿಯ ನೆರೆಜಿಲ್ಲೆಗಳ ಕಾಣೆ ದೂರುಗಳೊಂದಿಗೆ ತಾಳೆ ನೋಡಿದ ಬಗ್ಗೆ ಅಧಿಕಾರಿಯ ಲಿಖಿತ ಟಿಪ್ಪಣಿ ಕಡ್ಡಾಯವಾಗಬೇಕು. ಮೈಮೇಲೆ ಇದ್ದದ್ದರ ಜೊತೆಗೆ ಇರಬೇಕಾಗಿದ್ದು ಇಲ್ಲದ್ದೇನು ಎಂಬ ಒಂದು ಸಾಲೂ ಮಹಜರಿನಲ್ಲಿ ಸೇರಲಿ: ಒಡವೆ, ಚೀಲ, ಫೋನ್, ಟಿಕೆಟ್.

ಎರಡು, ವಯಸ್ಕ ಹೆಣ್ಣುಮಕ್ಕಳ ಕಾಣೆ ದೂರಿನಲ್ಲಿ 'ಸ್ವಇಚ್ಛೆಯಿಂದ ಹೋಗಿದ್ದಾರೆ' ಎಂದು ಬರೆಯಬೇಕಾದರೆ ಅದಕ್ಕೆ ಆಧಾರ ನಮೂದಿಸಬೇಕು. ಆಧಾರವಿಲ್ಲದಿದ್ದರೆ ಆ ಸಾಲು ಕಡತದಲ್ಲಿ ಇರಬಾರದು.

ಮೂರು, ತಾಯಂದಿರ ಮರಣ ಪರಿಶೀಲನೆಯ ರೀತಿಯಲ್ಲಿ ಹೆಣ್ಣುಮಕ್ಕಳ ಕೊಲೆ ಮತ್ತು ಸಂಶಯಾಸ್ಪದ ಸಾವುಗಳ ಪರಿಶೀಲನೆ ಜಿಲ್ಲಾ ಮಟ್ಟದಲ್ಲಿ ನಡೆಯಬೇಕು. ಪೊಲೀಸ್, ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳ ಜೊತೆ ಹೊರಗಿನ ಸ್ವತಂತ್ರ ಸದಸ್ಯರೂ ಇರಬೇಕು. ನ್ಯಾಯಾಲಯದ ವಿಚಾರಣೆಗೆ ತೊಡಕಾಗದಂತೆ ಅದರ ಸಮಯ ನಿಗದಿಯಾಗಬೇಕು.

ನಾಲ್ಕು, ಸಂಶೋಧಕರಿಗೆ ಮತ್ತು ಪತ್ರಕರ್ತರಿಗೆ ಸಂಬಂಧಿಸಿದ್ದು. ಖಾಸಗಿ ವ್ಯಕ್ತಿಯ ಕೊಲೆಯ ಬಗ್ಗೆ ಬರೆದ ಕರಡನ್ನು, ಮನೆಯವರು ಬಯಸಿದರೆ, ಪ್ರಕಟಣೆಗೆ ಮೊದಲು ಅವರಿಗೆ ಓದಿಹೇಳಬೇಕು. ಅವರು ಪಾಠವನ್ನು ತಿದ್ದಬೇಕೆಂದಲ್ಲ, ತೀರ್ಮಾನದ ಹೊಣೆ ಬರೆದವರದೇ. ಆದರೆ ಬೇಡದ ವಿವರ ಎಲ್ಲಿ ನುಸುಳಿದೆ ಎನ್ನುವುದು ಅವರಿಗೆ ನಮಗಿಂತ ಬೇಗ ಕಾಣುತ್ತದೆ, ನಮ್ಮ ಊಹೆ ಎಲ್ಲಿ ತಪ್ಪಿದೆ ಎನ್ನುವುದೂ.

ಇವುಗಳಲ್ಲಿ ಮೂರನೆಯದಕ್ಕೆ ಸರ್ಕಾರದ ಆದೇಶ ಬೇಕು, ಹಣವೂ ಬೇಕು. ಮೊದಲೆರಡಕ್ಕೆ ಇಲಾಖೆಯ ಒಂದು ಸುತ್ತೋಲೆ ಸಾಕು. ನಾಲ್ಕನೆಯದಕ್ಕೆ ಅದೂ ಬೇಡ, ಬರೆಯುವವರು ಒಪ್ಪಿಕೊಂಡರೆ ಆಯಿತು. ಮುಂದಿನ ಅಧ್ಯಯನ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದರೆ ನನ್ನ ಉತ್ತರ: ರಾಜ್ಯದ ದೊಡ್ಡ ಬಸ್‌ಸ್ಟ್ಯಾಂಡುಗಳಿರುವ ಠಾಣೆಗಳಲ್ಲಿ, ಆತ್ಮಹತ್ಯೆಯೆಂದು ಮುಚ್ಚಿದ ಮತ್ತು ಇಂದಿಗೂ ಹೆಸರಿಲ್ಲದ ಹೆಣ್ಣುಮಕ್ಕಳ ಯುಡಿಆರ್ ಕಡತಗಳಿಂದ.